ಮೂವತ್ತೈದು ವ್ಯಾಟ್

ಫೆಬ್ರವರಿ ೧೧

ಪ್ರೀತಿಯ ಅಕ್ಕ,

ಪತ್ರದ ಮೊದಲ ಸಾಲಿನಲ್ಲೇ ನಾನು ಕ್ಷೇಮ ಎಂದು ಬರೆಯಬೇಕಂತೆ. ಬರೆದಿದ್ದೇನೆ ಎಂದುಕೊ. ಇಷ್ಟು ದಿನ ಸುದ್ದಿಯಿಲ್ಲದವನು ಈಗ ಬರೆದಿದ್ದಾನೆಂದರೆ ಏನೋ ಬೇಕಾಗಿದೆ ಎಂದು ಲಕೋಟೆ ಒಡೆಯುವ ಮೊದಲೇ ಭಾವನ ಹತ್ತಿರ ಹೇಳಿರುತ್ತೀಯ. ಹೌದು, ಬೇಕಾಗಿದೆ. ಒಂದು ಹಳೆಯ ಪ್ರೊಸೆಸರ್.

ನಮ್ಮ ಹಡಗು ಹೋದ ಜುಲೈಯಿಂದ ಲಂಗರು ಹಾಕಿ ನಿಂತಿದೆ. ಬಂದರು ಕಣ್ಣಿಗೆ ಕಾಣುತ್ತದೆ. ಕ್ರೇನುಗಳು ಕಾಣುತ್ತವೆ, ಬೆಳಗಿನ ಬಿಸಿಲಿಗೆ ಯಾವುದೋ ಕಟ್ಟಡದ ಕಿಟಕಿ ಹೊಳೆಯುವುದೂ ಕಾಣುತ್ತದೆ. ಹೋಗುವ ಹಾಗಿಲ್ಲ. ಮಾಲೀಕರು ಕೈಚೆಲ್ಲಿ ಕೂತಿದ್ದಾರೆ. ಎಲ್ಲಿ ಕೂತಿದ್ದಾರೆಂದು ಯಾರಿಗೂ ಗೊತ್ತಿಲ್ಲ. ಲಂಗರು ಹಾಕಿದ ಹಡಗಿನಲ್ಲಿ ಜನ ಇರಲೇಬೇಕು ಎನ್ನುವುದು ಬಂದರಿನ ನಿಯಮ. ನಮ್ಮ ಬದಲಿಗೆ ಬೇರೆಯವರನ್ನು ಮಾಲೀಕರು ಕಳಿಸಬೇಕು. ಮಾಲೀಕರೇ ಇಲ್ಲ. ಹಾಗಾಗಿ ಐದು ಜನ ಉಳಿದಿದ್ದೇವೆ: ಕ್ಯಾಪ್ಟನ್, ಅಡುಗೆಯಣ್ಣ, ಡೆಕ್ಕಿನ ಕೆಲಸದ ಇಬ್ಬರು, ಎಲೆಕ್ಟ್ರಿಷಿಯನ್ ಆದ ನಾನು. ಇಂಜಿನಿಯರ್ ಇದ್ದರು, ಮೊದಲ ತಿಂಗಳಲ್ಲೇ ಎದೆನೋವೆಂದು ಇಳಿಸಿಕೊಂಡು ಹೋದರು. ಅವರ ಕೆಲಸವೂ ನನ್ನ ತಲೆಗೇ ಬಂತು.

ಇಷ್ಟು ದೂರಕ್ಕೆ ಮೊಬೈಲ್ ಸಿಗ್ನಲ್ ಬರುವುದಿಲ್ಲ. ಹಡಗಿನ ಉಪಗ್ರಹ ಫೋನು ಬಿಲ್ಲು ಕಟ್ಟುವವರಿಲ್ಲದೆ ಮೂಕಾಗಿದೆ. ಕುಡಿಯುವ ನೀರು ತರುವ ದೋಣಿಯವನು ಒಳ್ಳೆಯವನು, ಪತ್ರ ಅಂಚೆಗೆ ಹಾಕುತ್ತಾನೆ. ಲಕೋಟೆಯ ಹಿಂದೆ ಬರೆದಿರುವುದು ಅವನ ವಿಳಾಸ.

ಇಂಜಿನ್ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇದೆ. ಹಡಗಿನ ತಳದಲ್ಲಿ ನೀರು ಎಷ್ಟು ಸೇರಿದೆ, ಎಲ್ಲಿ ಹೊಗೆ ಎದ್ದಿದೆ ಎಂದು ನೋಡುತ್ತಾ ಕೂರುವುದೇ ಅದರ ಕೆಲಸ. ಹೆಚ್ಚುಕಡಿಮೆಯಾದರೆ ಕಿರುಚುತ್ತದೆ. ಬಂದರಿನವರು ನೇಮಿಸಿದ ಏಜೆಂಟ್ ಕೊಡುವ ಡೀಸೆಲ್ ಸಾಲದೆ ಜನರೇಟರನ್ನು ಸಂಜೆ ಸ್ವಲ್ಪ ಹೊತ್ತು ಮಾತ್ರ ಓಡಿಸುತ್ತೇವೆ. ಉಳಿದ ಹೊತ್ತು ಕಂಪ್ಯೂಟರಿಗೆ ಬ್ಯಾಟರಿಯೇ ಗತಿ. ಹೋದ ತಿಂಗಳು ಅದನ್ನು ಬಿಚ್ಚಿ, ಪ್ರೊಸೆಸರ್ ಹೊರತೆಗೆದು ಧೂಳು ಒರೆಸುತ್ತಿದ್ದೆ. ಹಡಗು ಒಮ್ಮೆ ವಾಲಿತು. ಚಿಪ್ ಬೆರಳಿನಿಂದ ಜಾರಿ, ಕಾಲಡಿಯ ಕಬ್ಬಿಣದ ಜಾಲರಿಯ ಸಂದಿಯಿಂದ ನೇರ ತಳದ ಕೊಳಚೆಗೆ. ನಗಬೇಡ.

ಕ್ಯಾಪ್ಟನ್ ಕೋಣೆಯ ಕಂಪ್ಯೂಟರಿನದನ್ನು ಕಿತ್ತು ಹಾಕಿದ್ದೇನೆ. ಓಡುತ್ತಿದೆ. ಆದರೆ ಅದು ನಾವು ನಿನ್ನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ‘ಜೋಡಿ’ ಎನ್ನುತ್ತಿದ್ದೆವಲ್ಲ, ಎರಡು ಕೋರಿನ ಅಗ್ಗದ ಪ್ರೊಸೆಸರ್, ಅರವತ್ತೈದು ವ್ಯಾಟಿನದು. ಕೊಳಚೆ ಸೇರಿದ್ದು ‘ಒಂಟಿ’. ಒಂದೇ ಕೋರು, ಮೂವತ್ತೈದು ವ್ಯಾಟ್. ಜೋಡಿ ಹಾಕಿದ ಮೇಲೆ ಬ್ಯಾಟರಿ ಬೆಳಗಿನ ತನಕ ಬರುತ್ತಿಲ್ಲ. ಕಂಪ್ಯೂಟರ್ ನಿಂತರೆ ನಾವೇ ಸರದಿಯಲ್ಲಿ ಏಣಿ ಇಳಿದು, ತಳಕ್ಕೆ ಕೋಲು ಬಿಟ್ಟು ನೀರು ಅಳೆಯಬೇಕು. ಎಲ್ಲರ ನಿದ್ದೆಯೂ ಹರಿದು ಚಿಂದಿಯಾಗಿದೆ. ನಿನ್ನ ಡ್ರಾಯರಿನಲ್ಲಿ ಒಂದು ಒಂಟಿ ಇರಲೇಬೇಕು. ಕಳಿಸು.

ಅಂಗಡಿಯ ಬಗ್ಗೆ ಕೇಳಲಿಲ್ಲ ಎಂದುಕೊಳ್ಳಬೇಡ. ಕೇಳುತ್ತಿದ್ದೇನೆ.

ನಿನ್ನ ತಮ್ಮ,
ಬೋಲ್ಟು


ಮಾರ್ಚ್ ೫

ಬೋಲ್ಟು,

ಭಾವನ ಹತ್ತಿರ ಏನೂ ಹೇಳಲಿಲ್ಲ. ಓದಿ ಅವರ ಕೈಗೆ ಕೊಟ್ಟೆ. ಅವರೂ ಓದಿ, ಮಡಿಸಿ, ಮೇಜಿನ ಮೇಲಿಟ್ಟರು. ಇಬ್ಬರ ಟೀಯೂ ತಣ್ಣಗಾಯಿತು. ಜುಲೈಯಿಂದ! ನೀನು ಊರೂರು ಸುತ್ತಿಕೊಂಡು ನಮ್ಮನ್ನು ಮರೆತಿದ್ದೀಯ ಎಂದು ನಾನು ಅಷ್ಟೂ ತಿಂಗಳು ಬೈದುಕೊಳ್ಳುತ್ತಿದ್ದೆ. ಬೈದದ್ದರಲ್ಲಿ ಅರ್ಧ ವಾಪಸ್ ತೆಗೆದುಕೊಂಡಿದ್ದೇನೆ. ಇನ್ನರ್ಧ ನೀನು ಬಂದ ಮೇಲೆ ನೋಡೋಣ.

ಅಂಗಡಿ ಇದ್ದ ಹಾಗೇ ಇದೆ. ಅದೇ ಮೆಟ್ಟಿಲ ಕೆಳಗೆ ಬಗ್ಗಿ ಬರುವುದು, ಬಗ್ಗಿ ಹೋಗುವುದು. ಇಲ್ಲಿ ಉಸಿರು ಕಟ್ಟುತ್ತದೆ ಎಂದು ಎದ್ದು ಹೋದೆಯಲ್ಲ, ಆ ನಿನ್ನ ಕುರ್ಚಿಯ ಮೇಲೆ ಹಳೆಯ ಪ್ರಿಂಟರುಗಳನ್ನು ಪೇರಿಸಿದ್ದೇನೆ.

ಒಂಟಿ ಇದೆ. ಒಂದೇ ಒಂದು. ಆದರೆ ಕಣ್ಣು ಮುಚ್ಚಿಕೊಂಡು ಕಳಿಸುವುದಿಲ್ಲ. ಆ ಅರವತ್ತೈದು, ಮೂವತ್ತೈದು ಎನ್ನುವುದು ಎಷ್ಟು ಶಾಖ ತೆಗೆಯಬೇಕು ಎಂದು ಫ್ಯಾನ್ ಕೂರಿಸುವವರಿಗೆ ಹೇಳಿದ ಲೆಕ್ಕ, ಕರೆಂಟಿನ ಲೆಕ್ಕವಲ್ಲ. ಕೆಲಸವಿಲ್ಲದೆ ಕೂತಾಗ ಎರಡೂ ಹೆಚ್ಚುಕಡಿಮೆ ಒಂದೇ ತಿನ್ನುತ್ತವೆ. ದುಡಿಸಿದಾಗಲೇ ವ್ಯತ್ಯಾಸ. ನಿನ್ನ ಪ್ರೋಗ್ರಾಮು ಅದನ್ನು ಎಷ್ಟು ದುಡಿಸುತ್ತದೆ ಎಂದು ನೋಡದೆ ಏನು ಹೇಳಲಿ? ಒಂಟಿ ನಿಧಾನ. ನೀರು ಬಂದಾಗ ಅದು ತಡವಾಗಿ ಕಿರುಚಿದರೆ? ಒಂದು ಪ್ರತಿಯನ್ನು ಪೆನ್ ಡ್ರೈವಿಗೆ ಹಾಕಿ ಕಳಿಸು. ಎರಡರಲ್ಲೂ ಓಡಿಸಿ ನೋಡುತ್ತೇನೆ.

ಭಾವ ಲಿಫ್ಟ್ ರಿಪೇರಿಗೆ ಹೊರಟು ನಿಂತಿದ್ದಾರೆ, ಈ ಪತ್ರ ಅವರ ಕೈಯಲ್ಲೇ ಕಳಿಸುತ್ತೇನೆ. ಯಾವಾಗ ಬಿಡುತ್ತಾರೆ ಎಂದು ನೀನು ಬರೆದಿಲ್ಲ. ಮರೆತೆಯಾ, ಬೇಕೆಂದೇ ಬಿಟ್ಟೆಯಾ?

ಅಕ್ಕ


ಮಾರ್ಚ್ ೨೮

ಪ್ರೀತಿಯ ಅಕ್ಕ,

ಯಾವಾಗ ಎಂದು ಕೇಳಿದ್ದೀಯ. ಪೆನ್ ಡ್ರೈವನ್ನು ಹತ್ತಿಯಲ್ಲಿ ಸುತ್ತಿ ಲಕೋಟೆಯೊಳಗೆ ಇಟ್ಟಿದ್ದೇನೆ.

ಇಲ್ಲಿ ಕ್ಯಾಪ್ಟನ್ ದಿನಾ ಬೆಳಗ್ಗೆ ಗಡ್ಡ ಹೆರೆದು, ಬಿಳಿ ಅಂಗಿ ತೊಟ್ಟು, ಮೇಲಿನ ಕೋಣೆಯಲ್ಲಿ ನಿಂತು ದುರ್ಬೀನು ಹಿಡಿಯುತ್ತಾರೆ. ಹಡಗು ಎಲ್ಲಿಗೂ ಹೋಗುತ್ತಿಲ್ಲ. ಆದರೂ ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದೆ ಎಂದು ದಿನಾ ಬರೆದಿಡುತ್ತಾರೆ. ಡೆಕ್ಕಿನ ಇಬ್ಬರೂ ಒಂದು ಮಡಿಚುವ ಕುರ್ಚಿಗಾಗಿ ಜಗಳವಾಡಿ ಮಾತು ಬಿಟ್ಟಿದ್ದಾರೆ. ಒಬ್ಬನಿಗೆ ಉಪ್ಪು ಬೇಕಾದರೆ ನನಗೆ ಹೇಳುತ್ತಾನೆ, ನಾನು ಪಕ್ಕದಲ್ಲೇ ಕೂತಿರುವ ಇನ್ನೊಬ್ಬನಿಗೆ ಹೇಳಬೇಕು.

ಜೋಡಿ ತುಂಬಾ ಬಿಸಿಯಾಗುತ್ತಿದೆ. ಪ್ರೊಸೆಸರಿಗೂ ಅದರ ಶಾಖ ಹೀರುವ ಹೀಟ್‌ಸಿಂಕಿಗೂ ನಡುವೆ ಹಚ್ಚುವ ಪೇಸ್ಟು ನನ್ನ ಹತ್ತಿರ ಮುಗಿದಿದೆ. ಅಡುಗೆಯಣ್ಣ ತನ್ನ ಟೂತ್‌ಪೇಸ್ಟ್ ತಂದುಕೊಟ್ಟ. "ಬಿಳೀ ಬಣ್ಣ, ಅದೂ ಪೇಸ್ಟೇ ತಾನೆ? ಹಚ್ಚಯ್ಯ, ಬಾಯಿಯ ವಾಸನೇನಾದ್ರೂ ಹೋಗುತ್ತೆ" ಎಂದ. ಅವತ್ತು ನಾವೆಲ್ಲ ನಕ್ಕೆವು. ಡೆಕ್ಕಿನ ಇಬ್ಬರೂ ನಕ್ಕರು, ಬೇರೆ ಬೇರೆ ಕಡೆ ನೋಡಿಕೊಂಡು.

ಮೆಟ್ಟಿಲ ಕೆಳಗಿನ ಮಾತು ಬರೆದಿದ್ದೆಯಲ್ಲ. ಓದಿದೆ.

ನಿನ್ನ,
ಬೋಲ್ಟು


ಏಪ್ರಿಲ್ ೨೨

ಬೋಲ್ಟು,

ಜೋಡಿಗೂ ಒಂಟಿಗೂ ಒಂದೇ ಥರದ ಬೋರ್ಡು, ಒಂದೇ ಮೆಮೊರಿ, ಒಂದೇ ಪವರ್ ಸಪ್ಲೈ ಕೊಟ್ಟು ಪಕ್ಕಪಕ್ಕ ಕೂರಿಸಿದೆ. ಗೋಡೆಯ ಪ್ಲಗ್ಗಿಗೆ ಮೀಟರ್ ಹಾಕಿದೆ. ಒಂದು ಇಡೀ ದಿನ ಗಿರಾಕಿಗಳನ್ನು ನಾಳೆ ಬನ್ನಿ ಎಂದು ಕಳಿಸಿದೆ.

ನಿನ್ನ ಪ್ರೋಗ್ರಾಮು ಬರೆದವನಿಗೆ ಸುಮ್ಮನೆ ಕೂರುವುದು ಎಂದರೇನೆಂದೇ ಗೊತ್ತಿಲ್ಲ. ಅದು ನಮ್ಮ ಅತ್ತೆಯ ಹಾಗೆ, ‘ಏನಾದ್ರೂ ಆಯ್ತಾ, ಏನಾದ್ರೂ ಆಯ್ತಾ’ ಎಂದು ಒಂದೇ ಸಮ ಕೇಳುತ್ತಿರುತ್ತದೆ. ಹಾಗಾಗಿ ಪ್ರೊಸೆಸರಿಗೆ ಒಂದು ಕ್ಷಣ ಬಿಡುವಿಲ್ಲ. ಆದರೆ ಅದು ಬಳಸುವುದು ಒಂದೇ ಕೋರನ್ನು. ಜೋಡಿಯಲ್ಲಿ ಇನ್ನೊಂದು ಕೋರು ಕೈಕಟ್ಟಿ ನಿಂತು ತನ್ನ ಪಾಲಿನ ಕರೆಂಟು ತಿನ್ನುತ್ತದೆ. ಮೀಟರಿನಲ್ಲಿ ಜೋಡಿಯ ಕಂಪ್ಯೂಟರ್ ಪೂರ್ತಿ ಸೇರಿ ಎಪ್ಪತ್ತರ ಆಸುಪಾಸು. ಒಂಟಿಯದು ನಲವತ್ತೈದರ ಆಚೆ ಹೋಗಲಿಲ್ಲ.

ವೇಗದಲ್ಲಿ ಒಂಟಿ ಸೋತಿತು, ಅದನ್ನು ಮುಚ್ಚಿಡುವುದಿಲ್ಲ. ಜೋಡಿ ಒಂದು ಲೆಕ್ಕ ಮುಗಿಸುವಷ್ಟರಲ್ಲಿ ಒಂಟಿ ಅರ್ಧದಿಂದ ಚೂರು ಮುಂದೆ ಹೋಗಿರುತ್ತದೆ. ವಿಡಿಯೊ ಹಾಕಿದರೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಅಂಗಡಿಗೆ ಬಂದ ಗಿರಾಕಿಯಾಗಿದ್ದರೆ ಜೋಡಿಯನ್ನೇ ತಗೊಳ್ಳಿ ಎನ್ನುತ್ತಿದ್ದೆ. ಆದರೆ ನಿನಗೆ ವಿಡಿಯೊ ಬೇಕಿಲ್ಲ. ಪರೀಕ್ಷೆಯ ಗುಂಡಿ ಒತ್ತಿದಾಗ ಎರಡೂ ಒಟ್ಟಿಗೇ ಕಿರುಚಿದವು, ಮುಂದೆ ಯಾವುದು ಹಿಂದೆ ಯಾವುದು ಎಂದು ನನ್ನ ಕಿವಿಗೆ ಗೊತ್ತಾಗಲಿಲ್ಲ. ಮೆಟ್ಟಿಲು ಹತ್ತುತ್ತಿದ್ದ ದರ್ಜಿ ಬೆಂಕಿ ಬಿತ್ತೆಂದು ಬೀದಿಗೆ ಓಡಿದ.

ಆದ್ದರಿಂದ ಒಂಟಿಯನ್ನು ಕಳಿಸಿದ್ದೇನೆ. ಜೊತೆಗೆ ಪೇಸ್ಟು. ಟೂತ್‌ಪೇಸ್ಟು ಹಲ್ಲಿಗೆ ಎಂದು ಅಡುಗೆಯಣ್ಣನಿಗೆ ಹೇಳು. ಜಾಲರಿಯ ಮೇಲೆ ದಪ್ಪ ಬಟ್ಟೆ ಹಾಸಿಕೊಂಡು ಕೂರು. ನನ್ನ ಹತ್ತಿರ ಇನ್ನೊಂದಿಲ್ಲ.

ಓದಿದೆ ಎಂದು ಬರೆದಿದ್ದೀಯ. ಅಷ್ಟೇನಾ?

ಅಕ್ಕ


ಜೂನ್ ೨

ಪ್ರೀತಿಯ ಅಕ್ಕ,

ಒಂಟಿ ಕೂತಿತು! ಬಟ್ಟೆ ಹಾಸಿಕೊಂಡೇ ಕೂರಿಸಿದೆ. ಬ್ಯಾಟರಿ ಬೆಳಗಿನ ತನಕ ಬಂದು ಇನ್ನೂ ಮಿಗುತ್ತದೆ. ಎಲ್ಲರೂ ನಿದ್ದೆ ಮಾಡಿ ಮುಖಗಳೇ ಬದಲಾಗಿವೆ. ಕ್ಯಾಪ್ಟನ್ ನನ್ನ ಬೆನ್ನು ತಟ್ಟಿ, "ನಿಮ್ಮ ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು" ಎಂದರು. ತಿಳಿಸಿದ್ದೇನೆ.

ನನಗೂ ಹುಮ್ಮಸ್ಸು ಬಂತು. ಕಂಪ್ಯೂಟರಿನ ಸ್ಕ್ರೀನನ್ನೇ ತೆಗೆದುಬಿಟ್ಟೆ, ಕೂಗಿದರೆ ಸಾಕು, ನೋಡುವುದೇಕೆ? ಓಣಿಯ ದೀಪಗಳನ್ನು ಬಿಚ್ಚಿದೆ. ಹಾಳಾದ ಚಾರ್ಜರ್ ಒಂದನ್ನು ಸರಿಮಾಡಿ ಬ್ಯಾಟರಿ ಬೇಗ ತುಂಬುವ ಹಾಗೆ ಮಾಡಿದೆ. ಜನರೇಟರ್ ಓಡಿಸುವ ಹೊತ್ತು ಅರ್ಧಕ್ಕೆ ಇಳಿಯಿತು.

ಏಜೆಂಟಿನವನು ಮೊನ್ನೆ ನೀರಿನ ದೋಣಿಯಲ್ಲಿ ಬಂದಿದ್ದ. ತೊಟ್ಟಿಯಲ್ಲಿ ಡೀಸೆಲ್ ಉಳಿದಿರುವುದನ್ನು ನೋಡಿ, "ಪರವಾಗಿಲ್ವೇ, ಚೆನ್ನಾಗಿ ನಡೆಸ್ತಾ ಇದ್ದೀರಿ" ಎಂದು ಹೊಗಳಿದ. ಈ ಸಲ ಹಿಂದಿನ ಅರ್ಧದಷ್ಟೇ ಡೀಸೆಲ್ ಕಳಿಸಿದ್ದಾನೆ. ಇಷ್ಟರಲ್ಲಿ ನಡೆಯುತ್ತದೆ ಎಂದು ನಾವೇ ತೋರಿಸಿಕೊಟ್ಟೆವಲ್ಲ. ಫ್ರಿಜ್ಜು ನಿಲ್ಲಿಸಬೇಕಾಯಿತು. ಅಡುಗೆಯಣ್ಣ ಅದರಲ್ಲಿ ಈಗ ಪಾತ್ರೆ ಇಡುತ್ತಾನೆ.

ಆದರೂ ಇನ್ನೂ ಉಳಿಸಬಹುದು. ನೋಡುತ್ತಿದ್ದೇನೆ.

ನಿನ್ನ,
ಬೋಲ್ಟು


ಜುಲೈ ೯

ಬೋಲ್ಟು,

ನಿನಗೆ ಹೇಳದೆ ಒಂದು ಕೆಲಸ ಮಾಡಿದ್ದೆ. ನೀನಿರುವ ಬಂದರಿನ ಕಚೇರಿಗೆ ಬರೆದಿದ್ದೆ, ನಮ್ಮ ಹುಡುಗನನ್ನು ಯಾವಾಗ ಬಿಡುತ್ತೀರಿ ಎಂದು. ಉತ್ತರ ಬಂತು. ನಾಲ್ಕು ಸಾಲು. ಹಡಗು ಸುರಕ್ಷಿತವಾಗಿದೆಯಂತೆ. ದೀಪಗಳು ಉರಿಯುತ್ತಿವೆಯಂತೆ. ನೀರು ಮತ್ತು ಬೆಂಕಿಯ ಎಚ್ಚರಿಕೆ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆಯಂತೆ. ಆದ್ದರಿಂದ ಸದ್ಯ ಯಾವ ಕ್ರಮದ ಅಗತ್ಯವೂ ಇಲ್ಲವಂತೆ.

ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಭಾವ ಊಟಕ್ಕೆ ಬಂದರು, ಅವರಿಗೆ ತೋರಿಸಿದೆ. ಅವರು ಕೈ ತೊಳೆಯುತ್ತಾ ಹೇಳಿದರು, "ಲಿಫ್ಟ್ ನಿಂತು ಒಳಗೆ ಜನ ಸಿಕ್ಕಿಕೊಂಡಾಗ ನಾನು ನೋಡಿದೀನಲ್ಲ. ಒಳಗೆ ಲೈಟು, ಫ್ಯಾನು ಓಡ್ತಾ ಇದ್ರೆ ವಾಚ್‌ಮನ್ ಟೀ ಕುಡಿದು, ಬಾಯಿ ಒರೆಸಿಕೊಂಡು ಫೋನ್ ಮಾಡ್ತಾನೆ. ಕತ್ತಲಾಗಿದ್ರೆ ಮಾತ್ರ ಓಡಿ ಬರ್ತಾನೆ."

ಆ ಒಂಟಿಯನ್ನು ಕಳಿಸಿದವಳು ನಾನು. ನಿಮಗೆ ನಿದ್ದೆ ಬರಲಿ ಎಂದು ಕಳಿಸಿದೆ. ನೀನು ಅದರಲ್ಲಿ ಉಳಿಸುತ್ತೀಯ, ಅವರು ಅಷ್ಟನ್ನೂ ಕಿತ್ತುಕೊಳ್ಳುತ್ತಾರೆ. ಮತ್ತೆ ಉಳಿಸುತ್ತೀಯ. ನೀನು ನಡೆಸಿಕೊಂಡು ಹೋಗುವಷ್ಟು ದಿನ ಅವರು ಬರುವ ಅಗತ್ಯವೇ ಇಲ್ಲ ಬೋಲ್ಟು.

ಏನು ಮಾಡಬೇಕು ಎಂದು ನಾನು ಬರೆಯುವುದಿಲ್ಲ. ತಳದಲ್ಲಿ ನೀರು ಸೇರಿದರೆ ಮುಳುಗುವವರು ನೀವು, ನಾನಲ್ಲ. ಆದರೆ ಒಂದು ಸಲ ಯೋಚನೆ ಮಾಡು.

ಅಕ್ಕ


ಆಗಸ್ಟ್ ೧೪

ಬೋಲ್ಟು,

ಉತ್ತರ ಬಂದಿಲ್ಲ. ದೋಣಿಯವನಿಗೆ ಹುಷಾರಿಲ್ಲವೋ, ನಿನಗೆ ಕೋಪವೋ. ದೋಣಿಯವನಿಗೇ ಹುಷಾರಿಲ್ಲ ಎಂದುಕೊಂಡಿದ್ದೇನೆ. ಒಂದು ಸಾಲು ಬರೆ.

ಅಕ್ಕ


ಆಗಸ್ಟ್ ೩೦

ಅಕ್ಕ,

ದೋಣಿಯವನು ಚೆನ್ನಾಗಿದ್ದಾನೆ. ನಾನೇ ಬರೆಯಲಿಲ್ಲ.

ಹಡಗು ಲಿಫ್ಟಲ್ಲ ಎಂದು ಭಾವನಿಗೆ ಹೇಳು. ಲಿಫ್ಟ್ ಕೆಟ್ಟರೆ ನಿಲ್ಲುತ್ತದೆ, ಹಡಗು ಕೆಟ್ಟರೆ ಮುಳುಗುತ್ತದೆ. ಮೆಟ್ಟಿಲ ಕೆಳಗೆ ಕೂತು ಬರೆಯುವುದು ಸುಲಭ. ನಾಲ್ಕು ಜನ ನನ್ನನ್ನು ನಂಬಿ ಕಣ್ಣು ಮುಚ್ಚುತ್ತಾರೆ. ಕೆಟ್ಟದ್ದನ್ನು ಸರಿಮಾಡುವುದು ಬಿಟ್ಟು ನನಗೆ ಬೇರೇನು ಬರುತ್ತದೆ? ಸರಿಯಾಗಿರುವುದನ್ನು ನನ್ನ ಕೈಯಾರೆ ಕೆಡಿಸು ಎನ್ನುತ್ತೀಯಾ? ನೀನು ಹಾಗೆ ಬರೆದಿಲ್ಲ, ಗೊತ್ತು. ಬರೆಯದೆಯೂ ಹೇಳುವುದು ನಿನಗೆ ಮೊದಲಿಂದಲೂ ಬರುತ್ತದೆ.

ಇಷ್ಟು ಬರೆದು ವಾರವಾಯಿತು. ಹರಿದು ಹಾಕೋಣ ಎಂದುಕೊಂಡೆ. ಕಾಗದ ಕಡಿಮೆ ಇದೆ. ಅದರ ಕೆಳಗೇ ಬರೆಯುತ್ತಿದ್ದೇನೆ.

ಅಡುಗೆಯಣ್ಣನ ದವಡೆ ಹಲ್ಲಿನಿಂದ ಮುಖ ಊದಿತು. ಕಣ್ಣು ಮುಚ್ಚುವಷ್ಟು. ಜ್ವರ ಬಂತು, ಬಾಯಿ ತೆರೆಯಲಾಗಲಿಲ್ಲ. ಕ್ಯಾಪ್ಟನ್ ರೇಡಿಯೊದಲ್ಲಿ ಬಂದರಿಗೆ ಹೇಳಿದರು. ಹಡಗಿನಲ್ಲಿ ಇರಬೇಕಾದ ಜನರ ಸಂಖ್ಯೆಗಿಂತ ಕಡಿಮೆಯಾಗುತ್ತದೆ, ಇಳಿಸುವ ಹಾಗಿಲ್ಲ, ಔಷಧಿ ಕಳಿಸುತ್ತೇವೆ ಎಂದರು. ಔಷಧಿ ನೀರಿನ ದೋಣಿಯ ಜೊತೆಗೇ ಬಂತು, ನೀರಿನ ದೋಣಿ ಬರುವ ದಿನವೇ. ಅಲ್ಲಿಯವರೆಗೆ ನಾನು ಚಮಚದಲ್ಲಿ ಗಂಜಿ ಬಿಟ್ಟೆ. ಡೆಕ್ಕಿನ ಇಬ್ಬರೂ ಅವನ ತಲೆಗೊಬ್ಬ ಕಾಲಿಗೊಬ್ಬ ಕೂತು, ಒದ್ದೆ ಬಟ್ಟೆ ಬದಲಿಸುತ್ತಾ, ಯಾವಾಗಲೋ ಒಬ್ಬರಿಗೊಬ್ಬರು ಮಾತಾಡಿಬಿಟ್ಟರು.

ಈಗ ಊತ ಇಳಿದಿದೆ. ಆದರೆ ಆಳು ಮೊದಲಿನಂತಿಲ್ಲ. ನಿನ್ನೆ ನಾನು ಕಂಪ್ಯೂಟರಿನ ಫ್ಯಾನಿಗೆ ಎಣ್ಣೆ ಬಿಡುತ್ತಿದ್ದಾಗ ಬಂದು ಬಾಗಿಲಲ್ಲಿ ನಿಂತ. "ಅದನ್ನ ತುಂಬಾ ಚೆನ್ನಾಗಿ ನೋಡ್ಕೊಳ್ತೀಯ ಕಣೋ" ಎಂದ. ನನ್ನ ಕೈಯಲ್ಲಿದ್ದ ಎಣ್ಣೆ ಡಬ್ಬಿ ಹಾಗೇ ನಿಂತಿತು.

ಕ್ಯಾಪ್ಟನ್ ಹತ್ತಿರ ನಿನ್ನ ಮಾತು ಎತ್ತಿದೆ. "ಕೆಡದೇ ಇರೋದನ್ನ ಕೆಟ್ಟಿದೆ ಅಂತ ನಾನು ವರದಿ ಮಾಡಲ್ಲ. ಹಡಗಿನ ಯಂತ್ರ ಮುಟ್ಟಿ ಕೆಡಿಸೋದಕ್ಕೂ ಬಿಡಲ್ಲ" ಎಂದರು. ಅವರ ಮಾತು ನನಗೂ ಸರಿಯೆನಿಸಿತು.

ಬೋಲ್ಟು


ಸೆಪ್ಟೆಂಬರ್ ೧೮

ಬೋಲ್ಟು,

ಹಡಗಿನ ಯಂತ್ರ ಮುಟ್ಟಬೇಡ. ಕ್ಯಾಪ್ಟನ್ ಹೇಳಿದ್ದು ಸರಿ. ಸುಳ್ಳು ವರದಿಯೂ ಬೇಡ.

ಆದರೆ ನಾನು ಏಪ್ರಿಲಿನಲ್ಲಿ ಕಳಿಸಿದ ಒಂಟಿ ಹಡಗಿನದಲ್ಲ. ಅದು ನನ್ನದು. ಹಡಗಿಗೆ ನಾನು ಮಾರಿಲ್ಲ, ದಾನವಾಗಿಯೂ ಕೊಟ್ಟಿಲ್ಲ. ನನ್ನ ತಮ್ಮನಿಗೆ ಕಳಿಸಿದ್ದ ನನ್ನ ಅಂಗಡಿಯ ಸಾಮಾನು. ನನಗೆ ಅದು ವಾಪಸ್ ಬೇಕು. ದಯವಿಟ್ಟು ಬಿಚ್ಚಿ ಕಳಿಸು. ಈ ಪತ್ರವನ್ನು ಕ್ಯಾಪ್ಟನ್ ಅವರಿಗೂ ತೋರಿಸು.

ಕೋಲು ಬಿಟ್ಟು ನೀರು ಅಳೆಯುವುದನ್ನು ಮಾತ್ರ ಒಂದು ಸರದಿಯೂ ತಪ್ಪಿಸಬೇಡ. ನನ್ನ ಮೇಲಾಣೆ.

ಇದನ್ನು ಬರೆಯುವಾಗ ಭಾವ ಪಕ್ಕದಲ್ಲೇ ಇದ್ದಾರೆ.

ಅಕ್ಕ


ಅಕ್ಟೋಬರ್ ೨೭

ಪ್ರೀತಿಯ ಅಕ್ಕ,

ನಡೆದದ್ದನ್ನೆಲ್ಲ ಬರೆಯುತ್ತೇನೆ.

ನಿನ್ನ ಪತ್ರವನ್ನು ಕ್ಯಾಪ್ಟನ್ ಕೈಗೆ ಕೊಟ್ಟೆ. ಕನ್ನಡ ಓದಲು ಬಾರದ ಅವರು ಕನ್ನಡಕ ಹಾಕಿಕೊಂಡು, ನಾನು ಓದಿ ಹೇಳಿದ್ದನ್ನು ಕಾಗದ ನೋಡುತ್ತಲೇ ಕೇಳಿಸಿಕೊಂಡರು. ಕಿಟಕಿಯ ಕಡೆ ತಿರುಗಿದರು. ಬಂದರಿನ ಕ್ರೇನು ಒಂದು ಪೆಟ್ಟಿಗೆ ಎತ್ತಿ, ಇಳಿಸಿ, ಇನ್ನೊಂದಕ್ಕೆ ಹೋಯಿತು.

"ಹಡಗಿನದಲ್ಲದ ಸಾಮಾನು ಹಡಗಿನಲ್ಲಿ ಇಟ್ಕೊಳ್ಳೋದು ತಪ್ಪು" ಎಂದರು.

"ಹೌದು ಸರ್."

"ಕೇಳಿದವರಿಗೆ ಅವರ ವಸ್ತು ಕೊಟ್ಟುಬಿಡಬೇಕು."

"ಹೌದು ಸರ್."

"ಹಾಗಿದ್ರೆ ಯಾಕೆ ನಿಂತಿದ್ದೀಯ? ಹೋಗು."

ಇಳಿದು ಹೋದೆ. ಬಟ್ಟೆ ಹಾಸಿದೆ. ಸ್ಕ್ರೂ ಬಿಚ್ಚಿದೆ. ಅಕ್ಕ, ನಾನು ಎಷ್ಟು ಕಂಪ್ಯೂಟರ್ ಬಿಚ್ಚಿಲ್ಲ? ಚೆನ್ನಾಗಿ ಓಡುತ್ತಿರುವುದನ್ನು ನಿಲ್ಲಿಸಿ ಬಿಚ್ಚಿದ್ದು ಇದೇ ಮೊದಲು. ಫ್ಯಾನು ನಿಂತಾಗ ಕೋಣೆಯಲ್ಲಿ ಎಂತಹ ಮೌನವಾಯಿತೆಂದರೆ, ಹಡಗಿನ ಮೈಗೆ ನೀರು ತಟ್ಟುವ ಸದ್ದು ಕೇಳಿಸಿತು. ಅಷ್ಟು ತಿಂಗಳೂ ಅದು ತಟ್ಟುತ್ತಲೇ ಇದ್ದಿರಬೇಕು. ಒಂಟಿಯನ್ನು ಒರೆಸಿ, ಕಾಗದದಲ್ಲಿ ಸುತ್ತಿ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ.

ಕ್ಯಾಪ್ಟನ್ ಮೇಲೆ ಕಾಯುತ್ತಿದ್ದರು. "ಎಚ್ಚರಿಕೆ ಯಂತ್ರ ಈಗ ಕೆಲಸ ಮಾಡ್ತಾ ಇದೆಯಾ?"

"ಇಲ್ಲ ಸರ್."

ರೇಡಿಯೊ ಎತ್ತಿ ಹಾಗೆಯೇ ವರದಿ ಮಾಡಿದರು. ಆ ಕಡೆಯಿಂದ, ರಿಪೇರಿ ಮಾಡಿಸಿ ಎಂದರು. ಕ್ಯಾಪ್ಟನ್ ರೇಡಿಯೊವನ್ನು ನನ್ನ ಕೈಗೆ ಕೊಟ್ಟರು. "ಹಡಗಿನಲ್ಲಿ ಇರೋ ಸಾಮಾನಿನಲ್ಲಿ, ನೀವು ಕೊಡೋ ಡೀಸೆಲಿನಲ್ಲಿ, ನನ್ನಿಂದ ಆಗಲ್ಲ" ಎಂದೆ. ಆಗಲ್ಲ ಎಂಬ ಮಾತು ನನ್ನ ಬಾಯಿಂದ ಬಂದದ್ದು ನೀನು ಯಾವತ್ತಾದರೂ ಕೇಳಿದ್ದೀಯಾ? ಹೇಳಿ ರೇಡಿಯೊವನ್ನು ಕ್ಯಾಪ್ಟನ್ ಕೈಗೆ ವಾಪಸ್ ಕೊಟ್ಟೆ.

ಮೂರು ದಿನ ಯಾರೂ ಬರಲಿಲ್ಲ. ನಾವು ಸರದಿಯಲ್ಲಿ ಏಣಿ ಇಳಿದು ಕೋಲು ಬಿಟ್ಟೆವು. ಒಂದೂ ತಪ್ಪಲಿಲ್ಲ. ಡೆಕ್ಕಿನವನೊಬ್ಬ, "ಯಾರೂ ಬರದೇ ಇದ್ರೆ ಏನು ಮಾಡೋದು?" ಎಂದು ಕೇಳಿದ. ಜೇಬಿಗೆ ಕೈ ಹೋಗುತ್ತಿತ್ತು. ಮತ್ತೆ ಹಾಕಿಬಿಡಲಾ ಎಂದು ಎಷ್ಟು ಸಲ ಇಂಜಿನ್ ಕೋಣೆಯ ಬಾಗಿಲವರೆಗೆ ಹೋಗಿ ಬಂದೆನೋ.

ಆಮೇಲೆ ಒಂದು ಬೆಳಗ್ಗೆ ಬಂದರಿನ ಲಾಂಚು ದೋಣಿ ಬಂತು. ಒಬ್ಬರು ಮೇಡಂ, ಹಡಗು ತಪಾಸಣೆ ಮಾಡುವ ಸರ್ವೇಯರ್. ಏಣಿ ಇಳಿದು ನೇರ ಕಂಪ್ಯೂಟರಿನ ಹತ್ತಿರ ಹೋದರು. ಖಾಲಿ ಜಾಗ ನೋಡಿದರು.

"ಇಲ್ಲಿದ್ದ ಪ್ರೊಸೆಸರ್ ಎಲ್ಲಿ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನನ್ನ ಜೇಬಿನಲ್ಲಿದೆ ಮೇಡಂ" ಎಂದೆ.

ಕ್ಯಾಪ್ಟನ್ ಕೆಮ್ಮಿದರು. ಮೇಡಂ ನನ್ನನ್ನೇ ನೋಡಿದರು. "ಯಾರದ್ದು ಅದು?"

"ನಮ್ಮ ಅಕ್ಕನದು. ವಾಪಸ್ ಕೇಳಿದಾರೆ. ಪತ್ರ ಇದೆ."

"ಹಡಗಿನದು?"

"ಹಡಗಿನ ಹಳೇದು ತಳದ ಕೊಳಚೆಯಲ್ಲಿದೆ. ಇನ್ನೊಂದು ಇದೆ, ಕ್ಯಾಪ್ಟನ್ ಕೋಣೆಯದು. ಅದು ಓಡುತ್ತೆ, ಆದ್ರೆ ಜಾಸ್ತಿ ತಿನ್ನುತ್ತೆ. ನೀವು ಕೊಡೋ ಡೀಸೆಲಿಗೆ ಬ್ಯಾಟರಿ ತಡೆಯಲ್ಲ."

"ಹಾಕಿ, ನೋಡೋಣ" ಎಂದರು.

ಆಗಲೇ ಹಾಕಿದೆ. ಜನರೇಟರ್ ಓಡಿಸಲಿಲ್ಲ. ಮೇಡಂ ಒಂದು ಬಕೆಟ್ಟನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕೂತುಬಿಟ್ಟರು. ಅಡುಗೆಯಣ್ಣ ಸಕ್ಕರೆ ಇಲ್ಲದ ಟೀ ತಂದುಕೊಟ್ಟು ಕ್ಷಮೆ ಕೇಳಿದ. ಅವನ ದವಡೆ ನೋಡಿ, ಏನಾಯಿತು ಎಂದು ಕೇಳಿದರು. ಅವನು ಹೇಳಿದ, ನಿಧಾನವಾಗಿ, ಒಂದೂ ಬಿಡದೆ. ಅವರು ಟೀ ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದರು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಬ್ಯಾಟರಿ ಸೋತಿತು. ಕಂಪ್ಯೂಟರ್ ಒಂದು ಸಲ ಕೀಂ ಎಂದು ಆರಿಹೋಯಿತು.

ಮೇಡಂ ಎದ್ದು ಜೋಮು ಹಿಡಿದಿದ್ದ ಕಾಲು ಒದರಿಕೊಂಡರು. "ನಿಮ್ಮ ಅಕ್ಕನ ಸಾಮಾನಿನಲ್ಲಿ ನಮ್ಮ ಬಂದರು ಇಷ್ಟು ದಿನ ನಡೀತಿತ್ತು ಅನ್ನಿ" ಎಂದರು. ನಗಲಿಲ್ಲ. ಹಡಗಿನ ಸ್ವಂತ ಉಪಕರಣದಲ್ಲಿ ಎಚ್ಚರಿಕೆ ಯಂತ್ರ ನಡೆಯುವುದಿಲ್ಲ, ಹಡಗು ಲಂಗರಿನಲ್ಲಿರಲು ಯೋಗ್ಯವಲ್ಲ, ಬಂದರಿನ ಕಟ್ಟೆಗೆ ಎಳೆದು ತರಬೇಕು ಎಂದು ನಮ್ಮ ಎದುರಿಗೇ ಬರೆದು ಸಹಿ ಹಾಕಿದರು.

ನಾಳೆ ನಮ್ಮನ್ನು ಎಳೆಯುವ ಟಗ್ ದೋಣಿ ಬರುತ್ತದಂತೆ. ನಾಳೆ ಎಂಬ ಮಾತನ್ನು ನಾವು ನಂಬುವುದು ಬಿಟ್ಟು ಬಹಳ ದಿನವಾಗಿದೆ. ಕ್ಯಾಪ್ಟನ್ ಮಾತ್ರ ಬಿಳಿ ಅಂಗಿ ಒಗೆದು ಹಾಕಿದ್ದಾರೆ.

ಆಗಸ್ಟಿನಲ್ಲಿ ಬರೆದ ಮಾತಿಗೆ ಏನು ಹೇಳಬೇಕೋ ಗೊತ್ತಿಲ್ಲ. ನಿನ್ನ ಹಾಗೆ ನಾನೂ ಅರ್ಧ ವಾಪಸ್ ತೆಗೆದುಕೊಳ್ಳುತ್ತೇನೆ.

ನಿನ್ನ,
ಬೋಲ್ಟು


ನವೆಂಬರ್ ೧೫

ಪ್ರೀತಿಯ ಅಕ್ಕ,

ಎಳೆದು ತಂದರು. ಕಟ್ಟೆಗೆ ಕಟ್ಟಿದ ಮೇಲೆ ಹಡಗನ್ನು ಬಂದರಿನ ಕಾವಲಿನವರು ವಹಿಸಿಕೊಂಡರು. ಕ್ಯಾಪ್ಟನ್ ಬೀಗದ ಕೈಗಳನ್ನು ಒಂದೊಂದಾಗಿ ಯಾವುದು ಯಾವುದರದೆಂದು ಹೇಳಿ ಕೊಟ್ಟರು. ಮೆಟ್ಟಿಲು ಇಳಿದು ನೆಲದ ಮೇಲೆ ಕಾಲಿಟ್ಟಾಗ ಅಡುಗೆಯಣ್ಣ ಕುಡಿದವನ ಹಾಗೆ ತೂರಾಡಿದ. ಡೆಕ್ಕಿನ ಇಬ್ಬರೂ ಆ ಕಡೆ ಈ ಕಡೆ ಹಿಡಿದುಕೊಂಡರು. ನಮ್ಮನ್ನು ನಾವಿಕರ ವಸತಿಯಲ್ಲಿ ಇಟ್ಟಿದ್ದಾರೆ. ಊರಿಗೆ ಕಳಿಸುವ ಕಾಗದಪತ್ರ ಮುಂದಿನ ವಾರ ಆಗುತ್ತದಂತೆ. ಅಡುಗೆಯಣ್ಣನನ್ನು ನಿನ್ನೆ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು.

ಇಲ್ಲಿ ಫೋನ್ ಇದೆ. ಮಾಡಬಹುದಿತ್ತು. ನಿನ್ನ ದನಿ ಕೇಳಿದರೆ ಮಾತು ಹೊರಡುವುದಿಲ್ಲವೆಂದು ಬರೆಯುತ್ತಿದ್ದೇನೆ. ಭಾನುವಾರ ಮಾಡುತ್ತೇನೆ.

ಕೋಣೆಗೆ ಬಾಗಿಲಿದೆ, ಬಾಗಿಲಾಚೆ ರಸ್ತೆ ಇದೆ. ಇವತ್ತು ಬೆಳಗ್ಗೆ ಒಬ್ಬನೇ ನಡೆಯಲು ಹೊರಟೆ. ನಡೆಯುತ್ತಾ ನಡೆಯುತ್ತಾ ಒಂದು ಕಡೆ ಕಾಲುಗಳು ತಾವಾಗಿಯೇ ತಿರುಗಿಬಿಟ್ಟವು. ಎದುರಿಗೆ ಗೋಡೆ ಇಲ್ಲ, ಏನೂ ಇಲ್ಲ, ಖಾಲಿ ರಸ್ತೆ. ಯಾಕೆ ತಿರುಗಿದೆ ಎಂದು ನನಗೇ ತಿಳಿಯಲಿಲ್ಲ. ನಿಂತು ಯೋಚಿಸಿದ ಮೇಲೆ ಗೊತ್ತಾಯಿತು. ಹಡಗಿನ ಡೆಕ್ಕು ಅಷ್ಟೇ ಉದ್ದ.

ಎರಡನೇ ಸಲವೂ ಅಲ್ಲೇ ತಿರುಗಿದೆ. ಮೂರನೇ ಸಲ ಕಾಲಿಗೆ ಬೈದು, ಒಂದೊಂದೇ ಹೆಜ್ಜೆ ಮುಂದಕ್ಕೆ ತಳ್ಳಿದೆ. ಹಣ್ಣು ಮಾರುತ್ತಿದ್ದ ಹೆಂಗಸು, "ಏನಪ್ಪಾ, ಏನಾದ್ರೂ ಬೀಳಿಸ್ಕೊಂಡ್ಯಾ?" ಎಂದು ಕೇಳಿದಳು. ಇಲ್ಲಮ್ಮ ಎಂದೆ. ರಸ್ತೆ ತುಂಬಾ ದೂರ ಹೋಗುತ್ತದೆ ಅಕ್ಕ. ಹೋಗುತ್ತಲೇ ಇರುತ್ತದೆ. ಕೊನೆಗೆ ಒಂದು ಅಂಚೆ ಕಚೇರಿ ಸಿಕ್ಕಿತು. ಅದರ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇದನ್ನು ನಾನೇ ಪೆಟ್ಟಿಗೆಗೆ ಹಾಕುತ್ತೇನೆ.

ನಿನ್ನ ತಮ್ಮ,
ಬೋಲ್ಟು